ಮಾವನ ಯುದ್ಧವಿಮಾನದ ಚಕ್ರ

ನಮ್ಮ ಹೊಸಪೇಟೆಯ ವಾಟ್ಸಾಪ್ ಗುಂಪಿನಲ್ಲಿ ಇವತ್ತು ನನ್ನ ಸೋದರಮಾವನ ಹಳೆಯ ಫೋಟೊ ಬಂದಿದೆ. ಖಾಕಿ ತೊಟ್ಟು ಯುದ್ಧವಿಮಾನದ ಮುಂದೆ ಎದೆಯುಬ್ಬಿಸಿ ನಿಂತಿದ್ದಾನೆ. ಗುಂಪಿನ ಪಂಡಿತರೆಲ್ಲ ವಿಮಾನದ ಗುರುತು ಹಚ್ಚುತ್ತಿದ್ದಾರೆ. ಬ್ರಿಟಿಷರದ್ದು ಎಂದು ಒಬ್ಬ, ರಷ್ಯಾದ್ದು ಎಂದು ಇನ್ನೊಬ್ಬ.

ಆ ವಿಮಾನ ಹುಟ್ಟುವಾಗ ನಾನು ಅಲ್ಲೇ ಇದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊದಲ್ಲಿ, ಹಸಿ ಬಣ್ಣದ ವಾಸನೆ ಹೊಡೆಯುವ ಬಟ್ಟೆಯ ಪರದೆ ಅದು. ಹಂಪಿಯ ಕಲ್ಲಿನ ರಥ ಬರೆದೇ ಕೈ ಪಳಗಿದ್ದ ಪೇಂಟರ್ ವಿಮಾನ ಕಂಡವನಲ್ಲ. ಆ ರಥದ ಹೂದಳದ ಚಕ್ರಗಳನ್ನೇ ವಿಮಾನದ ಕೆಳಗೂ ಬಿಡಿಸಿಬಿಟ್ಟಿದ್ದ. ತುಂಗಭದ್ರಾ ಡ್ಯಾಮಿನ ಆಫೀಸಿನಲ್ಲಿ ಫೈಲು ಹೊರುತ್ತಿದ್ದ ಮಾವ ಯಾರದೋ ಖಾಕಿ ಬೇಡಿ ತಂದಿದ್ದ. ಆಮೇಲೆ ಮನೆಗೆ ಬಂದವರಿಗೆಲ್ಲ ಆ ಫೋಟೊ ತೋರಿಸಿ, "ಇದರಾಗ ಕುಂತು ಬಾಂಬ್ ಹಾಕೀನ್ರಿ" ಎನ್ನುತ್ತಿದ್ದ. ಅತ್ತೆ ಚಹಾದ ಲೋಟ ಕುಕ್ಕಿ, "ಹೌದ್ರಿ, ಇವರಿಗೆ ಸೈಕಲ್ ಹೊಡ್ಯಾಕ ಬರಂಗಿಲ್ಲ, ವಿಮಾನ ಹೊಡದಾರ" ಎನ್ನುತ್ತಿದ್ದಳು.

ಈಗ ಆ ವೀರಯೋಧನ ಮಗನಿಗೆ ಶಾಲು ಹೊದಿಸುವ ಸಿದ್ಧತೆ ನಡೆದಿದೆಯಂತೆ. ತಡೆಯಲಾರದೆ ಚಕ್ರವೊಂದನ್ನೇ ದೊಡ್ಡದು ಮಾಡಿ, "ಇದನ್ನು ಎಲ್ಲಾದರೂ ನೋಡಿದ್ದೀರಾ?" ಎಂದು ಗುಂಪಿಗೆ ಹಾಕಿದೆ. ಹುಟ್ಟಿದಾಗಿನಿಂದ ಹಂಪಿಯ ಮಗ್ಗುಲಲ್ಲೇ ಇರುವ ಪಂಡಿತರೊಬ್ಬರು ತಕ್ಷಣ ಬರೆದರು: "ಭಾಳ ಮಸ್ತ್ ಐತ್ರಿ. ಇಂಥಾ ಟೈರ್ ಈಗ ರಷ್ಯಾದಾಗೂ ಸಿಗಂಗಿಲ್ಲ."