ಪೂಜೆಯ ಪಾತ್ರೆಯಲ್ಲಿ ರಮ್ಮಿನ ಕೇಕು

ರಮ್ಮಿನಲ್ಲಿ ನೆನೆದ ಒಣದ್ರಾಕ್ಷಿಯ ವಾಸನೆ ಬಂದರೆ ನಾನು ಈಗಲೂ ಅಲ್ಲಿಂದ ಎದ್ದು ಹೋಗುತ್ತೇನೆ. ಡಿಸೆಂಬರಿನಲ್ಲಿ ಯಾರಾದರೂ ಪ್ಲಮ್ ಕೇಕು ಮುಂದಿಟ್ಟರೆ, ಮೊಟ್ಟೆ ತಿನ್ನುವುದಿಲ್ಲ ಎಂದು ತಟ್ಟೆ ಸರಿಸುತ್ತೇನೆ. ಅದು ಸುಳ್ಳು. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಎರಡು ವರ್ಷ ಆಮ್ಲೆಟ್ ತಿಂದವಳು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಆರ್.ಟಿ. ನಗರದ ಮನೆಗೆ ಬಂದಿದ್ದೆ. ಮನೆಯಲ್ಲಿ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆ ಬರುವ ಗಂಡ, ಸಕ್ಕರೆ ಕಾಯಿಲೆಯ ಅತ್ತೆ. ಪಕ್ಕದ ಮನೆಯಲ್ಲಿ ಒಬ್ಬ ಕ್ರಿಶ್ಚಿಯನ್ ನರ್ಸ್ ಒಂಟಿಯಾಗಿದ್ದರು, ಐವತ್ತರ ಆಸುಪಾಸು. ಬೀದಿಗೆಲ್ಲ ಅವರು ನರ್ಸಮ್ಮ. ಡ್ಯೂಟಿಗೆ ಹೋಗುವ ಮುಂಚೆ ದಿನಾ ಬಂದು ಅತ್ತೆಗೆ ಇನ್ಸುಲಿನ್ ಚುಚ್ಚುತ್ತಿದ್ದರು. ಅತ್ತೆ ವರಾಂಡದಲ್ಲೇ ತೋಳು ಚಾಚುತ್ತಿದ್ದರು. ಆಮೇಲೆ ನಾನು ನರ್ಸಮ್ಮನಿಗೆ ಕಾಫಿ ಕೊಡಬೇಕು, ಕಿಟಕಿಯ ಮೇಲೆ ಬೇರೆಯೇ ಇಟ್ಟಿದ್ದ ಗಾಜಿನ ಲೋಟದಲ್ಲಿ. ಅವರು ಕುಡಿದು, ಹೊರಗಿನ ನಲ್ಲಿಯಲ್ಲಿ ತಾವೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಇದು ನನಗೆ ಆಗಲೇ ಹೇಸಿಗೆ ಅನ್ನಿಸುತ್ತಿತ್ತು ಎಂದು ಬರೆಯಲು ಆಸೆ. ಅನ್ನಿಸುತ್ತಿತ್ತೇ? ಅನ್ನಿಸಿದ್ದರೆ ಆ ಲೋಟವನ್ನು ಎತ್ತಿ ಒಳಗಿಡಲು ನನ್ನ ಕೈಗೇನಾಗಿತ್ತು?

ಆ ವರ್ಷ ಕ್ರಿಸ್‌ಮಸ್ಸಿಗೆ ಕೇಕು ಕಲಿಸಿಕೊಡಿ ಎಂದು ನರ್ಸಮ್ಮನನ್ನು ಕೇಳಿದವಳು ನಾನೇ. ಮಿಲಿಟರಿಯಲ್ಲಿದ್ದ ಅವರ ತಮ್ಮ ತನ್ನ ಪಾಲಿನ ರಮ್ಮಿನಲ್ಲಿ ಒಂದು ಬಾಟಲಿ ಕೊಟ್ಟಿದ್ದ. ಅದರಲ್ಲಿ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಟೂಟಿಫ್ರೂಟಿ ಎಲ್ಲ ಒಂದು ತಿಂಗಳಿಂದ ಉಪ್ಪಿನಕಾಯಿ ಜಾಡಿಯಲ್ಲಿ ನೆನೆಯುತ್ತಿದ್ದವು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಮೂಗು ಮುಚ್ಚಿಕೊಂಡೆ. ದ್ರಾಕ್ಷಿ ಉಬ್ಬಿ, ದನದ ಮೈಮೇಲೆ ರಕ್ತ ಹೀರಿ ಸತ್ತ ಉಣ್ಣೆಗಳ ಹಾಗೆ ಕಂಡಿತು. ಸಕ್ಕರೆಯನ್ನು ಕಪ್ಪಾಗುವವರೆಗೆ ಸುಟ್ಟು ನೀರು ಹಾಕಿದರು. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಯ ಪುಡಿ ಬಿತ್ತು. ಮೊಟ್ಟೆ ಒಡೆಯುವ ಕೆಲಸ ನನ್ನದು. ತಿಂದಿದ್ದೆನೇ ಹೊರತು ಒಡೆದವಳಲ್ಲ. ಬಿಳಿ ಲೋಳೆ ಬಳೆಗಳ ನಡುವೆ ಇಳಿದು ಮೊಣಕೈ ತನಕ ಹರಿಯಿತು.

"ಮುಖ ನೋಡು, ಹೆಣ ಮುಟ್ಟಿದವಳ ಥರಾ!" ಎಂದು ನರ್ಸಮ್ಮ ನಕ್ಕರು. "ಕಲೆಸು ಕಣ್ಣು, ಚೆನ್ನಾಗಿ ಕಲೆಸು. ಒಂದೇ ಕಡೆ ತಿರುಗಿಸ್ಬೇಕು." ಪ್ರೀತಿ ಬಂದಾಗ ಅವರು ನನ್ನನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಓವನ್ ಇಟ್ಟುಕೊಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಹಿಟ್ಟನ್ನು ಟಿನ್ನುಗಳಿಗೆ ಸುರಿದು ಮುಖ್ಯರಸ್ತೆಯ ಬೇಕರಿಗೆ ಒಯ್ಯಬೇಕು. ಮಧ್ಯಾಹ್ನ ಬ್ರೆಡ್ಡು ಈಚೆ ತೆಗೆದ ಮೇಲೆ, ಸೌದೆಯ ಭಟ್ಟಿ ಇನ್ನೂ ಕಾದಿರುವಾಗ, ಬೇಕರಿ ನಡೆಸುವ ಸಾಹೇಬರು ಬೀದಿಯವರ ಟಿನ್ನುಗಳನ್ನು ಒಳಗೆ ತಳ್ಳುತ್ತಿದ್ದರು. ಅವತ್ತು ನರ್ಸಮ್ಮನ ಟಿನ್ನುಗಳೆಲ್ಲ ತುಂಬಿ, ಸೇರಿನಷ್ಟು ಹಿಟ್ಟು ಉಳಿಯಿತು. "ಇರಿ, ನಮ್ಮನೆಯಿಂದ ಏನಾದ್ರೂ ತರ್ತೀನಿ" ಎಂದು ಓಡಿದೆ.

ಅತ್ತೆ ಅಡಿಗೆಮನೆಯ ಬಾಗಿಲಿಗೆ ಅಡ್ಡ ಚಾಪೆ ಹಾಸಿ ಮಲಗಿದ್ದರು. ಅವರನ್ನು ದಾಟುವಂತಿರಲಿಲ್ಲ. ನಡುಮನೆಯ ಬೀರುವಿನಲ್ಲಿ ಸತ್ಯನಾರಾಯಣ ಪೂಜೆಯ ಸಜ್ಜಿಗೆಗೆಂದೇ ಇಟ್ಟಿದ್ದ ಹಿತ್ತಾಳೆ ಪಾತ್ರೆ ಇತ್ತು. ಹೊಸದಾಗಿ ತವರದ ಕಲಾಯಿ ಹಾಕಿಸಿದ್ದು, ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಅದು ಎಂಥ ಪಾತ್ರೆ ಎಂದು ನರ್ಸಮ್ಮನಿಗೆ ಹೇಳಲಿಲ್ಲ.

ಬೇಕರಿ ಸಾಹೇಬರು ಪಾತ್ರೆ ತಿರುಗಿಸಿ ನೋಡಿದರು. "ಇದ್ರಲ್ಲಿ ಕಲಾಯಿ ಐತೆ ಬೇಟಿ. ಭಟ್ಟಿ ಶಾಖಕ್ಕೆ ನಿಲ್ಲಲ್ಲ."

"ಒಲೆ ಮೇಲಿಟ್ಟು ದಿನಾ ಅಡಿಗೆ ಮಾಡಲ್ವಾ? ಇಡಿ, ಏನಾಗಲ್ಲ" ಎಂದೆ, ಎಂ.ಎ. ಓದಿದವಳ ಗತ್ತಿನಲ್ಲಿ.

"ನಂದೇನು ಹೋಗತ್ತೆ" ಎಂದು ಅವರು ಉದ್ದನೆಯ ಕೋಲಿನಿಂದ ಅದನ್ನೂ ಒಳಗೆ ತಳ್ಳಿದರು.

ಈಚೆ ಬಂದಾಗ ನೋಡಲು ಅಸಹ್ಯವಾಗಿತ್ತು. ಹಿಟ್ಟಿನ ಮಟ್ಟಕ್ಕಿಂತ ಮೇಲಿದ್ದ ಕಲಾಯಿಯೆಲ್ಲ ಕರಗಿ ಇಳಿದು, ಕೇಕಿನ ಅಂಚಿಗೆ ಬೂದುಬಣ್ಣದ ಮಣಿಗಳಾಗಿ ಅಂಟಿಕೊಂಡಿತ್ತು. ಹೊರಮೈ ಮಸಿ. ಕೇಕನ್ನು ಮೋರಿಗೆ ಸುರಿದೆವು. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಇಬ್ಬರೂ ಉಜ್ಜಿದೆವು. ಬಣ್ಣವೂ ಬರಲಿಲ್ಲ, ವಾಸನೆಯೂ ಹೋಗಲಿಲ್ಲ. ಹಾಗೇ ತಂದು ಬೀರುವಿನೊಳಗಿಟ್ಟೆ.

ಎರಡು ದಿನ ಕಳೆದು ಅತ್ತೆ ಬೀರು ತೆಗೆದರು.

"ಏನೇ ಇದು? ಥೂ, ಹೆಂಡದ ವಾಸನೆ! ಮೊಟ್ಟೆ ವಾಸನೆ! ಯಾರೇ ಮುಟ್ಟಿದ್ದು ಇದನ್ನ?"

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಎಷ್ಟೋ ವರ್ಷ ನನಗೆ ನೆನಪಿದ್ದದ್ದು ಹೀಗೆ: "ಆ ನರ್ಸಮ್ಮಂದೇ ತಾನೆ ಈ ಕೆಲಸ?" ಎಂದು ಅತ್ತೆಯೇ ಕೇಳಿದರು, ನಾನು ಹೆದರಿ ತಲೆ ಆಡಿಸಿದೆ ಅಷ್ಟೆ. ಆವತ್ತಿನ ಡೈರಿಯಲ್ಲಿ 'ಪಾತ್ರೆ ಹಾಳಾಯಿತು, ಮನೆಯಲ್ಲಿ ಬೇಸರ' ಎಂದಿದೆ. ಯಾರು ಏನು ಹೇಳಿದರು ಎಂಬುದಿಲ್ಲ. ಆದರೆ ನರ್ಸಮ್ಮ ಕೇಕು ಮಾಡುತ್ತಿದ್ದ ವಿಷಯವೇ ಅತ್ತೆಗೆ ಗೊತ್ತಿರಲಿಲ್ಲ, ನಾನೇ ಮುಚ್ಚಿಟ್ಟಿದ್ದೆ. ಹಾಗಿರುವಾಗ ಆ ಹೆಸರು ಮೊದಲು ಅವರ ಬಾಯಿಂದ ಬರುವುದು ಹೇಗೆ? ಬಂದದ್ದು ನನ್ನ ಬಾಯಿಂದಲೇ. "ಪಾಯಸಕ್ಕೆ ಅಂತ ಇಸ್ಕೊಂಡು ಹೋಗಿದ್ರು ಅತ್ತೆ. ನನಗೇನ್ ಗೊತ್ತು?" ಎಂದಿರಬೇಕು. ಪಾಯಸ ಎಂಬ ಮಾತು ಮಾತ್ರ ನಾಲಗೆಯ ಮೇಲೆ ಇನ್ನೂ ಹಾಗೇ ಇದೆ.

ಮರುದಿನ ನರ್ಸಮ್ಮ ಸೂಜಿಯ ಡಬ್ಬಿ ಹಿಡಿದು ಬಂದಾಗ ಅತ್ತೆ ಪಾತ್ರೆಯನ್ನು ವರಾಂಡದ ನಡುವೆ ಇಟ್ಟುಕೊಂಡು ಕೂತಿದ್ದರು.

"ನಿಮ್ಮನೇಲಿ ಪಾತ್ರೆ ಇರ್ಲಿಲ್ವೇನ್ರೀ? ಹೆಂಡಕ್ಕೆ ನಮ್ಮ ದೇವರ ಪಾತ್ರೇನೇ ಬೇಕಿತ್ತಾ? ಪಾಯಸ ಅಂತ ಸುಳ್ಳು ಬೇರೆ!"

ನರ್ಸಮ್ಮ ಪಾತ್ರೆ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವಷ್ಟು ಹೊತ್ತು ಕಾದರು. ಅದಂತೂ ಖಂಡಿತ.

"ಹೌದಮ್ಮ, ನಾನೇ ತೊಗೊಂಡೋಗಿದ್ದೆ. ದೇವರದು ಅಂತ ತಿಳೀಲಿಲ್ಲ. ತಪ್ಪಾಯ್ತು."

"ಇನ್ಮೇಲೆ ಬರ್ಬೇಡಿ. ಸೂಜಿ ಹಾಕೋಕೆ ಬೇರೆ ಯಾರಾದ್ರೂ ಸಿಗ್ತಾರೆ."

ಅವರು ಹೋದ ಮೇಲೆ ಅತ್ತೆ ನನ್ನ ಕೈಯಲ್ಲೇ ವರಾಂಡ ತೊಳೆಸಿದರು. ಗಾಜಿನ ಲೋಟವನ್ನು ಬಿಸಾಡು ಎಂದರು. ಬಿಸಾಡಿದೆ.

ಸಂಜೆ ಅತ್ತೆ ದೇವಸ್ಥಾನಕ್ಕೆ ಹೋದಾಗ ಪಕ್ಕದ ಮನೆಗೆ ಹೋದೆ. ಕ್ಷಮೆ ಕೇಳಲೆಂದೇ ಹೋದೆ ಎಂದುಕೊಂಡಿದ್ದೇನೆ. ಅತ್ತೆಗೆ ನಿಜ ಹೇಳಬೇಡಿ ಎಂದು ಬೇಡಿಕೊಳ್ಳಲು ಹೋಗಿದ್ದೆನೋ ಏನೋ. ಎರಡರಲ್ಲಿ ಯಾವುದನ್ನೂ ಹೇಳಲಿಲ್ಲ. ನರ್ಸಮ್ಮ ಒಂದು ಟಿನ್ನು ತೆರೆದು, ತುಂಡು ಕತ್ತರಿಸಿ, ತಾವು ಊಟ ಮಾಡುವ ತಟ್ಟೆಯಲ್ಲೇ ಕೊಟ್ಟರು. "ತಿನ್ನು. ನೀನೇ ಕಲೆಸಿದ್ದು."

ತಿಂದೆ. ನೆನೆದ ದ್ರಾಕ್ಷಿ ಹಲ್ಲಿನಡಿ ಒಡೆದು, ಬಿಸಿ ಕಹಿ ಗಂಟಲಿಗೆ ಇಳಿಯಿತು. ಅವರು ಎದುರಿಗೆ ಕೂತು ನೋಡುತ್ತಿದ್ದರು, ಕೋಪವೇನೂ ಕಾಣಲಿಲ್ಲ. ಕೊನೆಯ ಪುಡಿಯವರೆಗೂ ನುಂಗಿ, "ತುಂಬಾ ಚೆನ್ನಾಗಿದೆ" ಎಂದೆ.

"ಸರಿ, ಹೊರಡು. ನಿಮ್ಮತ್ತೆ ಬರೋ ಹೊತ್ತಾಯ್ತು" ಎಂದು ತಟ್ಟೆ ಇಸಿದುಕೊಂಡರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು: "ಬಾಯಿ ಮುಕ್ಕಳಿಸ್ಕೊಂಡು ಹೋಗು ಕಣ್ಣು. ವಾಸನೆ ಬರತ್ತೆ."

ಅವರ ಅಂಗಳದ ನಲ್ಲಿಯಲ್ಲೇ ಮುಕ್ಕಳಿಸಿದೆ. ಕೈ ಮೂತಿಗೆ ಹಿಡಿದು ಊದಿ ನೋಡಿ, ಇನ್ನೊಂದು ಸಲ ಮುಕ್ಕಳಿಸಿ ಉಗಿದೆ.