ಅಂಗೈಯಿಂದ ಗಾಡಿ ನೋಡುತ್ತಿದ್ದ ಕಾಕಾ

ಅವರ ಬಲಗೈ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು. ಸುತ್ತಿಗೆ ಎಷ್ಟು ಸಲ ತಪ್ಪಿ ಅದರ ಮೇಲೆ ಬಿದ್ದಿತ್ತೋ ಅವರಿಗೂ ನೆನಪಿರಲಿಲ್ಲ. ಆದರೆ ಅದೇ ಕೈಯ ಅಂಗೈ ಮಾತ್ರ ಮಗುವಿನ ಕೆನ್ನೆಯಂತೆ ಮೆತ್ತಗಿತ್ತು. ಕೆಲಸ ಮಾಡುವಾಗ ಹಳೆ ಬನಿಯನ್ನಿನ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಆ ಅಂಗೈಯನ್ನು ಕಾರಿನ ಬಾಗಿಲ ಮೇಲೆ ನಿಧಾನಕ್ಕೆ ಎಳೆದರೆಂದರೆ, ಎಲ್ಲಿ ಪೆಟ್ಟು ಬಿದ್ದಿತ್ತು, ಎಲ್ಲಿ ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂಬುದೆಲ್ಲ ತಿಳಿದುಬಿಡುತ್ತಿತ್ತು.

ರಾಯಚೂರಿನ ನಮ್ಮ ಓಣಿಯಲ್ಲಿ ನನ್ನ ಮನೆಯಿಂದ ಮೂರನೆಯ ಮನೆ ಅವರದು. ಎಲ್ಲರೂ ಡೆಂಟರ್ ಕಾಕಾ ಎನ್ನುತ್ತಿದ್ದರು. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು ಸರಿಮಾಡುವುದು ಅವರ ಕಸುಬು. ಅದರಲ್ಲೇ ಕಿವಿ ಹೋಗಿದ್ದವು. ಅವರ ಹತ್ತಿರ ಮಾತಾಡಬೇಕೆಂದರೆ ಸಮೀಪ ಹೋಗಿ ಕೂಗಬೇಕು. ಯಾರಿಗೆ ಅಷ್ಟು ತಾಳ್ಮೆ? ಓಣಿಯವರು "ಊಟಾತೇನು?" ಎಂದು ಕೈಸನ್ನೆಯಲ್ಲೇ ಕೇಳಿ ಮುಂದೆ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಾನ್ವಿಯಲ್ಲಿ ಹಳೆ ಕಾರುಗಳನ್ನು ಕೊಂಡು ಮಾರುವ ತಮ್ಮನೊಬ್ಬನಿದ್ದ. ಗ್ಯಾರೇಜಿನ ಕೆಲಸವೂ ಅಲ್ಲಿಂದಲೇ ಹೆಚ್ಚು ಬರುತ್ತಿತ್ತು, ಹಬ್ಬದ ಊಟವೂ ಅಲ್ಲೇ.

ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅವ್ವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಾಗಿದ್ದರಿಂದ ರಾಯಚೂರಿನಲ್ಲೇ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಿರವಾರದ ಗದ್ದೆಗಳಲ್ಲಿ ನಾಟಿ ಹಚ್ಚಿ ನನ್ನನ್ನು ಓದಿಸಿದವಳು ಅವಳು. ಅವಳು ಹೋದ ಮೇಲೆ ಎಲ್ಲರೂ "ಇನ್ನ ದೇವದುರ್ಗಕ್ಕ ಮನಿ ಮಾಡ್ರಿ ಟೀಚರ್" ಎಂದರು. ಅವ್ವ ಇದ್ದಾಗ ಅವಳಿಗಾಗಿ ರಾಯಚೂರಿನಲ್ಲಿದ್ದೆ. ಹೋದ ಮೇಲೆ ಯಾಕಿದ್ದೇನೆಂದು ಹೇಳಲು ಬಾರದೆ ಇದ್ದೆ. ಬುದ್ಧನ ಪಟದ ಪಕ್ಕದಲ್ಲಿ ಅವಳ ಫೋಟೋ ಇತ್ತು. ಸಂಜೆ ಬಂದು ಬೀಗ ತೆಗೆದಾಗ ಅದಕ್ಕೆ "ಬಂದ್ನೆವ್ವ" ಎನ್ನುತ್ತಿದ್ದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತುವವರೆಗೆ ಬಾಯಿ ತೆರೆಯುವ ಕಾರಣವೇ ಇರುತ್ತಿರಲಿಲ್ಲ.

ಕಾರು ತೆಗೆದುಕೊಳ್ಳಬೇಕೆಂದು ಮನಸ್ಸು ಮಾಡಿದ್ದು ಆಗಲೇ. ಹಳೆಯದೇ ಸಾಕು. ಶಾಲೆಯಲ್ಲಿ ತಲೆಗೊಂದು ಸಲಹೆ: ಬಿಳಿ ಬಣ್ಣದ್ದು ತಗೊಳ್ಳಿ, ಸಣ್ಣದು ತಗೊಳ್ಳಿ, ಒಬ್ಬರೇ ಹೆಣ್ಣುಮಕ್ಕಳು, ಮೆಲ್ಲಗೆ ಹೋಗುವಂಥದ್ದು ತಗೊಳ್ಳಿ. ನನ್ನ ಆಸೆ ಬೇರೆಯೇ ಇತ್ತು. ಗಬ್ಬೂರು ದಾಟಿದ ಮೇಲೆ ನೇರ ರಸ್ತೆಯಲ್ಲಿ ನಮ್ಮ ಬಸ್ಸನ್ನು ಹಿಂದೆ ಹಾಕಿ ಸುಂಯ್ ಎಂದು ಹೋಗುವ ಕಾರುಗಳನ್ನು ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದೆ. ಕಾಲು ಒತ್ತಿದರೆ ಮುಂದಕ್ಕೆ ನೆಗೆಯುವ ಗಾಡಿ ಬೇಕಿತ್ತು. ನಲವತ್ತು ದಾಟಿದ ಟೀಚರು ಇದನ್ನು ಯಾರ ಮುಂದೆ ಹೇಳಬೇಕು?

ಕಾಕಾನ ಮುಂದೆ ಹೇಳಿದೆ. ಅವರಿಗೆ ಮೊದಲ ಸಲ ಕೇಳಿಸಲಿಲ್ಲ, ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ: "ಕಾಕಾ, ನನಗ ಜೋರ್ ಓಡೂ ಗಾಡಿ ಬೇಕ್ರೀ!" ಓಣಿಯ ಬಾಗಿಲುಗಳೆಲ್ಲ ತೆರೆದವು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಕಾಕಾ ಮಾತ್ರ ನಗಲಿಲ್ಲ.

"ಓಡಲಿ. ಆದ್ರ ಯವ್ವಾ, ಒಂದಿನ ಓಡೂ ಗಾಡಿ ಬ್ಯಾರೆ, ದಿನಾ ಓಡೂ ಗಾಡಿ ಬ್ಯಾರೆ. ನಿನಗ ಎರಡೂ ಒಂದರಾಗ ಬೇಕಾಗ್ಯಾವ. ಹುಡುಕಬೇಕಾತದ."

ಆಮೇಲೆ ಕಟ್ಟೆಯ ಮೇಲೆ ಕುಳಿತು ಒಂದೊಂದಾಗಿ ಕೇಳಿದರು. ಮಳೆಗಾಲದಲ್ಲಿ ಶಾಲೆಯ ಮುಂದೆ ಎರೆಮಣ್ಣು ಎಷ್ಟು ಹುದುಲಾಗುತ್ತದೆ? ಗಾಡಿ ಇಡೀ ದಿನ ಬಿಸಿಲಿಗೆ ನಿಲ್ಲುತ್ತದೋ ನೆರಳಿಗೋ? ದಾರಿಯಲ್ಲಿ ಕೆಟ್ಟರೆ ದೇವದುರ್ಗದ ಮೇಸ್ತ್ರಿಗೆ ಬಿಚ್ಚಲು ಬರುತ್ತದೆಯೆ? ಕೊನೆಗೆ, "ಹಿಂದಿನ ಸೀಟಿನ್ಯಾಗ ಯಾರ್ಯಾರು ಕುಂದರತಾರ?"

"ಯಾರೂ ಇಲ್ರಿ," ಎಂದು ಕೂಗಿದೆ.

ಅವರು "ಹಂಗಾರ ನಿನಗ ಚಂದ ಕಂಡಿದ್ದು ತಗೊ. ಯಾರನ್ನ ಕೇಳೂದದ?" ಎಂದರು.

ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಗಾಡಿ ನೋಡಲು ಹೊರಡುತ್ತಿದ್ದೆವು. ಊರೊಳಗಾದರೆ ನನ್ನ ಸ್ಕೂಟಿಯ ಹಿಂದೆ ಕಾಕಾ, ಸಿರವಾರ, ಮಾನ್ವಿಗಳಿಗಾದರೆ ಬಸ್ಸು. ಅವರು ಬೆಳಿಗ್ಗೆ ಎಂಟರೊಳಗೇ ನೋಡಬೇಕೆನ್ನುತ್ತಿದ್ದರು. ರಾಯಚೂರಿನ ಬಿಸಿಲಿಗೆ ಕಾದ ತಗಡು ಅಂಗೈಗೆ ನಿಜ ಹೇಳುವುದಿಲ್ಲವಂತೆ. ಆಗತಾನೆ ನೀರು ಹೊಡೆದು ತೊಳೆದ ಗಾಡಿಯಾದರೆ ಹತ್ತಿರವೂ ಹೋಗುತ್ತಿರಲಿಲ್ಲ. "ಹಸಿ ಇದ್ದಾಗ ಎಲ್ಲಾ ಬಣ್ಣಾನೂ ಒಂದೇ," ಎನ್ನುತ್ತಿದ್ದರು. ಒಣಗಿದ ಮೇಲೆ ಮೊದಲು ಅಂಗೈ, ಆಮೇಲೆ ಜೇಬಿನಿಂದ ಅಯಸ್ಕಾಂತದ ತುಂಡು. ಪುಟ್ಟಿ ತುಂಬಿದ ಕಡೆ ಅದು ಅಂಟದೆ ಜಾರಿ ಬೀಳುತ್ತಿತ್ತು. ಆಮೇಲೆ ಬಾನೆಟ್ಟಿನ ಬೋಲ್ಟುಗಳು. "ಬಣ್ಣ ಸುಳ್ಳು ಹೇಳ್ತದ, ಬೋಲ್ಟ್ ಹೇಳಂಗಿಲ್ಲ. ಪಾನಾ ಹಚ್ಚಿ ತಿರುವಿದ್ರ ಗಾಯ ಇರ್ತದ." ನಾನು ಪಿಕಪ್ ನೋಡುತ್ತೇನೆಂದು ಒತ್ತಿ ಓಡಿಸಿ ಬಂದರೆ ಕೇಳುತ್ತಿದ್ದುದು ಒಂದೇ: "ಓಡಿದ್ದಿರಲಿ. ನಿಂತಿದ್ದು ಹೆಂಗಿತ್ತು? ಜೋರ್ ಓಡೂದಕ್ಕಿಂತ ಜೋರ್ ನಿಲ್ಲೂದು ದೊಡ್ಡದವ್ವ."

ಒಂಬತ್ತು ಹತ್ತು ಗಾಡಿ ನೋಡಿರಬೇಕು. ಎಲ್ಲಕ್ಕೂ ಅವರದು ಒಂದೇ ಮಾತು, "ಬ್ಯಾಡ." ನನಗೆ ಬೇಸರ ಬರತೊಡಗಿತ್ತು.

ಆಗ ಮಾನ್ವಿಯಲ್ಲಿ, ಅವರ ತಮ್ಮನ ಅಂಗಳದಲ್ಲಿ ಆ ಕೆಂಪು ಗಾಡಿ ಸಿಕ್ಕಿತು. ಗಿಡ್ಡ ಮೈ, ಅಗಲ ಚಕ್ರ, ಕುಳಿತರೆ ಬೆನ್ನನ್ನು ಹಿಡಿದುಕೊಳ್ಳುವ ಸೀಟು. ಕಲ್ಲೂರಿನ ದಿಕ್ಕಿಗೆ ಒಂದಿಷ್ಟು ದೂರ ಓಡಿಸಿ ಬಂದೆ. ಇಳಿಯಲು ಮನಸ್ಸೇ ಬರಲಿಲ್ಲ. ಬಹಳ ದಿನಗಳ ಮೇಲೆ ನನ್ನ ಮುಖದಲ್ಲಿ ತಾನಾಗಿ ನಗು ಮೂಡಿದ್ದು ನನಗೇ ಗೊತ್ತಾಗುತ್ತಿತ್ತು.

ಕಾಕಾ ಕಣ್ಣು ಮುಚ್ಚಿ ಅಂಗೈ ಎಳೆಯುತ್ತಿದ್ದರು. ಬಾಗಿಲು, ಹಿಂಬದಿ, ಮತ್ತೆ ಮುಂದೆ. ಮುಂದಿನ ಗಾಜಿನ ಪಕ್ಕದ ಕಂಬದ ಹತ್ತಿರ ಕೈ ನಿಂತಿತು. ಕಣ್ಣು ತೆರೆದು ತಮ್ಮನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿ, "ಬ್ಯಾಡವ್ವ," ಎಂದರು.

"ಯಾಕ್ರೀ?" ಎಂದು ಕೂಗಿದೆ.

"ಬ್ಯಾಡಂದ್ರ ಬ್ಯಾಡ."

ತಮ್ಮ ನನ್ನ ಕಡೆ ತಿರುಗಿ, "ಟೀಚರ್, ನಮ್ಮಣ್ಣನ ಕಿವಿ ಎಂದೋ ಹೋದ್ವು. ಈಗ ಕೈನೂ ಹೋದಂಗ ಕಾಣ್ತದ," ಎಂದ. ಅಲ್ಲಿ ಗಾಡಿ ನೋಡಲು ಬಂದ ಇನ್ನೂ ನಾಲ್ಕು ಜನರಿದ್ದರು. ಅವರೆಲ್ಲ ನಕ್ಕರು. ನಾನೂ ನಕ್ಕೆ.

ಕಾಕಾನಿಗೆ ಮಾತು ಕೇಳಿಸಲಿಲ್ಲ. ನಗು ಕಾಣಿಸಿತು.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಆಮೇಲೆ ಯಾರನ್ನೂ ಕೇಳದೆ ಅಲ್ಲಿ ಬಿದ್ದಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು, ಬಾಗಿಲ ಚೌಕಟ್ಟಿನ ಸುತ್ತಲಿನ ರಬ್ಬರ್ ಪಟ್ಟಿಯನ್ನು ಮೀಟಿ ಎಳೆದು ಹಾಕಿದರು. ತಮ್ಮ "ಅಣ್ಣಾ!" ಎಂದು ಓಡಿಬಂದ. ಕಾಕಾ ಎಲ್ಲರಿಗೂ ಕಾಣುವಂತೆ ಒಳಗಿನ ತಗಡಿನ ಮೇಲೆ ಬೆರಳಿಟ್ಟರು.

"ಕಂಪನಿ ವೆಲ್ಡಿಂಗ್ ಚುಕ್ಕಿ ಚುಕ್ಕಿ ಇರ್ತದ. ಇಲ್ಲಿ ನೋಡ್ರಿ, ಗೆರಿ ಅದ. ಈ ಗಾಡಿ ಪಲ್ಟಿ ಆಗಿತ್ತು. ಟಾಪ್ ಕೊಯ್ದು ಬ್ಯಾರೆ ಗಾಡೀದು ಕೂಡ್ಸ್ಯಾರ. ಕೂಡ್ಸಿದಾಂವ ನಾನ. ಇದು ನನ್ನ ಕೈ."

ಗಾಡಿ ನೋಡಲು ಬಂದವರು ಒಬ್ಬೊಬ್ಬರಾಗಿ ಹೊರಗೆ ಹೋದರು. ತಮ್ಮ ಅಣ್ಣನ ಕಿವಿಯ ಹತ್ತಿರ ಬಾಯಿ ತಂದು, ತಪ್ಪಿಯೂ ಕೇಳದಿರಬಾರದೆಂಬಂತೆ ಕೂಗಿದ: "ಇನ್ನ ಮ್ಯಾಲ ನನ್ನ ಹೊಸ್ತಿಲಿ ತುಳೀಬ್ಯಾಡ!"

ಮರಳುವ ಬಸ್ಸು ಕಲ್ಲೂರು ದಾಟಿದ ಮೇಲೆ ಕಾಕಾ ಬಾಯಿ ತೆರೆದರು. ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ, ಅವರೂ ಹಾಗೆಯೇ. ಅಂದು ಮಾತ್ರ ಪಿಸುಗುಟ್ಟಿದರು.

"ಪೋತ್ನಾಳದ ಆಚಿ ಬಿದ್ದಿತ್ತವ್ವ ಅದು. ನನ್ನ ಕೈಯಾಗಿದ್ದಾಗ ಈ ಬಣ್ಣ ಇರಲಿಲ್ಲ. ಒಳಗಿದ್ದ ಇಬ್ರೂ ಉಳೀಲಿಲ್ಲ. ತಗೊಳ್ಳೋರಿಗೆ ಹೇಳೇ ಮಾರ್ತೀನಿ ಅಂದಿದ್ದ ತಮ್ಮ. ನಾ ನಂಬೀದ್ನಿ." ಆಮೇಲೆ ಅಂಗೈ ನೋಡಿಕೊಳ್ಳುತ್ತ ಹೇಳಿದರು: "ಅದರಷ್ಟು ಚಲೋ ಕೆಲಸ ನಾ ಜನ್ಮದಾಗ ಮಾಡಿಲ್ಲ. ನಮ್ಮ ಕೆಲಸ ಹಂಗದ. ಚಲೋ ಮಾಡಿದ್ರ ಯಾರಿಗೂ ಕಾಣಂಗಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಬಸ್ಸು ತುಂಬಿತ್ತು. ಅಷ್ಟು ಜನರ ನಡುವೆ ಕೂಗಿ ಹೇಳುವ ಮಾತಲ್ಲ ಅದು. ಮನೆಗೆ ಹೋದ ಮೇಲೆ ಹೇಳೋಣವೆಂದುಕೊಂಡೆ. ಮನೆಗೆ ಬಂದರೆ ಓಣಿಯ ಕಟ್ಟೆಗಳ ಮೇಲೆಲ್ಲ ಜನ ಕುಳಿತಿದ್ದರು.

ಅದಾದ ಮೇಲೆ ಮಾನ್ವಿಯಿಂದ ಕೆಲಸ ಬರುವುದು ನಿಂತಿತು. ಸುದ್ದಿ ಹರಡಿತ್ತು. ಹಳೆ ಗಾಡಿ ಮಾರುವವರು ಯಾರೂ ಅವರನ್ನು ತಮ್ಮ ಅಂಗಳದೊಳಕ್ಕೆ ಬಿಡುತ್ತಿರಲಿಲ್ಲ. ಮಗ್ಗಲು ಗುದ್ದಿಸಿಕೊಂಡ ಆಟೋಗಳು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದವು. ದೀಪಾವಳಿಗೆ ಕಾಕಾ ಒಬ್ಬರೇ ಮನೆಯಲ್ಲಿದ್ದರು. ಹೋಳಿಗೆ ಮಾಡಿ ಕೊಟ್ಟುಬಂದೆ. ತಿಂದು, "ನಿಮ್ಮವ್ವ ಯಾಲಕ್ಕಿ ಜಾಸ್ತಿ ಹಾಕ್ತಿದ್ಳು," ಎಂದರು.

ಆದರೂ ನನಗಾಗಿ ಗಾಡಿ ಹುಡುಕುವುದನ್ನು ಅವರು ಬಿಡಲಿಲ್ಲ. ವರ್ಗವಾಗಿ ಬೇರೆ ಊರಿಗೆ ಹೊರಟಿದ್ದ ನರ್ಸ್ ಒಬ್ಬರ ಮನೆಯ ಮುಂದೆ ನೀಲಿ ಬಣ್ಣದ ಸಣ್ಣ ಕಾರು ನಿಂತದ್ದನ್ನು ಅವರೇ ಕಂಡು, ಕೈಸನ್ನೆಯಲ್ಲೇ ವಿಚಾರಿಸಿ ಬಂದಿದ್ದರು. ನೋಡಲು ಸಾಧು, ಆದರೆ ಎಂಜಿನ್ ಚುರುಕು. ಎಲ್ಲ ಪರೀಕ್ಷೆ ಮುಗಿದ ಮೇಲೆ ಓಣಿಯ ನಾಲ್ಕು ದಪ್ಪ ಹೆಂಗಸರನ್ನು ಕರೆದು ಒಳಗೆ ಕೂರಿಸಿ, ರಸ್ತೆಯ ದೊಡ್ಡ ಹಂಪಿನ ಮೇಲೆ ಹಾಯಿಸಲು ಹೇಳಿದರು. ತಾವು ನೆಲಕ್ಕೆ ಕೆನ್ನೆ ಹಚ್ಚಿ ತಳ ತಾಗುತ್ತದೆಯೇ ಎಂದು ನೋಡಿದರು. ಒಳಗಿದ್ದವರ ನಗುವೋ ನಗು. ಎದ್ದು ಮೈಮೇಲಿನ ಧೂಳು ಕೊಡವಿಕೊಂಡು, ನಾಲ್ಕು ತಿಂಗಳಲ್ಲಿ ಮೊದಲ ಸಲ ಹೇಳಿದರು: "ಇದು ಆಗ್ಲಿ."

ಹಿಂದಿನ ಬಾಗಿಲಲ್ಲಿ ಒಂದು ತಗ್ಗು ಇತ್ತು. ತೆಗೆದುಕೊಡಿ ಎಂದೆ. "ಇರಲಿ ಬಿಡವ್ವ. ಬಿದ್ದಿದ್ದು ಬಿದ್ದಂಗ ಕಾಣ್ತದಲ್ಲ, ಅದ ಚಲೋ," ಎಂದರು.

ಒಂದು ದಿನ ಅವರನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದೆ. ಗಬ್ಬೂರು ದಾಟಿದ ಮೇಲೆ, ಎರಡೂ ಕಡೆ ಹತ್ತಿ ಹೊಲ, ಮುಂದೆ ಯಾರೂ ಇಲ್ಲ, ಕಾಲು ಒತ್ತಿದೆ. ಕಾಕಾ ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕಣ್ಣು ಮುಚ್ಚಿದರು. ಎಂಜಿನ್ನಿನ ಸದ್ದು ಅವರಿಗೆ ಕೇಳುವ ದಾರಿ ಅದೊಂದೇ. ಬಹಳ ದೂರದವರೆಗೆ ಕೈ ತೆಗೆಯಲಿಲ್ಲ.

ಮರಳಿ ಬರುವಾಗ ನನ್ನ ಹೊಸ ಸಂಕಟವನ್ನು ಹೇಳಿಕೊಂಡೆ. ಕಾರು ಬಂದ ಮೇಲೆ ಹೋಗಿಬರುವುದರಲ್ಲಿ ಒಂದು ತಾಸು ಉಳಿಯುತ್ತಿತ್ತು, ಆದರೆ ಬಸ್ಸಿನ ಗೆಳತಿಯರು ಹೋದರು. ಅಂಗನವಾಡಿಯವಳು, ತಾಲ್ಲೂಕು ಕಚೇರಿಯವಳು, ನನಗಾಗಿ ಸೀಟು ಹಿಡಿಯುತ್ತಿದ್ದ ಹೂವಿನವಳು. ಇಡೀ ದಿನದಲ್ಲಿ ನನ್ನ ಸ್ವಂತದ ಮಾತು ಆಡುತ್ತಿದ್ದುದು ಅಲ್ಲಿ ಮಾತ್ರ. ಕೂಗಿ ಕೂಗಿ ಇಷ್ಟನ್ನು ಹೇಳುವಷ್ಟರಲ್ಲಿ ಗಂಟಲು ಕಟ್ಟಿತ್ತು. ಕಾಕಾ ಯೋಚಿಸಿ ಹೇಳಿದರು: "ವಾರಕ್ಕೊಮ್ಮೆ ಬಸ್ಸಿಗೆ ಹೋಗು. ಗಾಡಿ ಏನ್ ಸಿಟ್ಟಾಗಂಗಿಲ್ಲ." ಈಗಲೂ ಶನಿವಾರ ನಾನು ಬಸ್ಸಿಗೇ ಹೋಗುತ್ತೇನೆ.

ಹೋದ ಬೇಸಿಗೆಗೆ ಮೊದಲು, ಪರೀಕ್ಷೆಯ ದಿನಗಳಲ್ಲಿ, ಓಣಿಯಿಂದ ಶಾಲೆಗೆ ಫೋನ್ ಬಂತು. ಕಾಕಾ ಬೆಳಗಿನ ಚಹಾಕ್ಕೆ ಬಾಗಿಲು ತೆರೆಯಲಿಲ್ಲವೆಂದು ನೋಡಿದರೆ ಮಲಗಿದಲ್ಲೇ ಹೋಗಿದ್ದರು. ಹೆಡ್‌ಮಾಸ್ತರರಿಗೆ ಹೇಳಿ ಹೊರಟೆ. ಅಷ್ಟು ಆಸೆಪಟ್ಟು ತೆಗೆದುಕೊಂಡ ಚುರುಕು ಗಾಡಿಯನ್ನು ಅಂದು ಎತ್ತಿನ ಬಂಡಿಯಂತೆ ಓಡಿಸಿದೆ. ನಾನು ಹೋಗಿ ನೋಡುವವರೆಗೆ ನನ್ನ ಪಾಲಿಗೆ ಅವರು ಸತ್ತಿರಲಿಲ್ಲ.

ತಮ್ಮ ಮಾನ್ವಿಯಿಂದ ಬಂದಿದ್ದ. ಅಣ್ಣನ ಕಾಲ ಬಳಿ ಕುಳಿತು ಬಿಕ್ಕುತ್ತಿದ್ದ. ನನ್ನನ್ನು ಕಂಡು, "ಟೀಚರ್, ಆ ಕೆಂಪು ಗಾಡಿ ನಾ ಮಾರ್ಲಿಲ್ರಿ. ಗುಜರಿಗೆ ಹಾಕಿದೆ. ಅಣ್ಣಗ ಹೇಳಬೇಕಂತ ಮಾಡಿದ್ದೆ, ಹೆಂಗ ಹೇಳ್ಲಿ ಅಂತ..." ಎಂದು ಮುಖ ಮುಚ್ಚಿಕೊಂಡ. ಹೇಳದೆ ಉಳಿಸಿಕೊಂಡವಳು ನಾನೂ ಅಲ್ಲವೆ? ಅಂದು ನಕ್ಕದ್ದಕ್ಕೆ ಒಂದು ಮಾತು ಕ್ಷಮೆ ಕೇಳಬೇಕೆಂದು ಎರಡು ವರ್ಷ ಅವರ ಮನೆಯ ಮುಂದೆ ಹಾದುಹೋದೆ. ಜನ ಕೇಳುತ್ತಾರೆಂದು ಹೇಳಲಿಲ್ಲ, ಕಾರಿನಲ್ಲಿ ಇಬ್ಬರೇ ಇದ್ದ ದಿನವೂ ಬೇರೆಲ್ಲ ಕೂಗಿ ಅದೊಂದನ್ನು ಬಿಟ್ಟೆ. ಜೋರು ಓಡುವ ಗಾಡಿ ಬೇಕೆಂದು ಓಣಿ ತುಂಬ ಕೂಗಿದವಳಿಗೆ ತಪ್ಪಾಯಿತೆಂದು ಕೂಗಲು ಬರಲಿಲ್ಲ.

ಮಣ್ಣಿನ ಕಾರ್ಯ ಮುಗಿದ ಮರುದಿನ ಶಾಲೆಗೆ ಹೊರಟೆ. ಗಬ್ಬೂರು ದಾಟಿ ಸ್ವಲ್ಪ ದೂರದಲ್ಲಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಗಾಜುಗಳನ್ನೆಲ್ಲ ಏರಿಸಿದೆ. ಪಕ್ಕದ ಸೀಟಿನ ಕಡೆ ತಿರುಗಿ, ಅವರಿಗೆ ಕೇಳಿಸುವಷ್ಟು ಜೋರಾಗಿ, "ತಪ್ಪಾತ್ರಿ ಕಾಕಾ!" ಎಂದು ಕೂಗಿದೆ. ಒಂದು ಸಲ ಸಾಕಾಗಲಿಲ್ಲ. ಅವರಿಗೆ ಯಾವ ಮಾತೂ ಒಂದೇ ಸಲಕ್ಕೆ ಕೇಳಿಸುತ್ತಿರಲಿಲ್ಲ.

ಯಾರೋ ಗಾಜು ತಟ್ಟಿದರು. ಟ್ರ್ಯಾಕ್ಟರ್ ನಿಲ್ಲಿಸಿ ಇಳಿದುಬಂದ ರೈತನೊಬ್ಬ ಬಗ್ಗಿ ನೋಡುತ್ತಿದ್ದ. ಗಾಜು ಇಳಿಸಿದೆ.

"ಯಾಕ ತಂಗೀ, ಗಾಡಿ ಕೆಟ್ಟದೇನು?"

ಕಣ್ಣು ಒರೆಸಿಕೊಂಡೆ.

"ಇಲ್ಲಣ್ಣ," ಎಂದೆ. "ಗಾಡಿ ಚಲೋ ಅದ."