ಅಪ್ಪನಿಗೆ ನಾನು ಮೂಗಾದ ವಾರ

ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ಅಪ್ಪನದು ಬೇರೆ ಥರದ ಮೂಗು. ಪಿರಿಯಾಪಟ್ಟಣದ ಕಡೆಯ ನಮ್ಮೂರಲ್ಲಿ ತಂಬಾಕಿನ ಎಲೆಯನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಕೋಣೆಗಳಾದ ಬ್ಯಾರನ್‌ಗಳಲ್ಲೆಲ್ಲ ಥರ್ಮಾಮೀಟರ್ ತೂಗುಹಾಕಿರುತ್ತಾರೆ. ಅಪ್ಪ ಮಾತ್ರ "ಅದುಕ್ಕೇನು ಮೂಗದಾ?" ಎಂದು ನಕ್ಕು, ಗೋಡೆಯ ಗಾಳಿಕಿಂಡಿಯ ಹತ್ತಿರ ಮೂಸಿಯೇ ಬೆಂಕಿ ಏರಿಸುತ್ತಿದ್ದ, ಇಳಿಸುತ್ತಿದ್ದ. ಮನೆಯಲ್ಲೂ ಅಷ್ಟೆ. ಸಾರು ಒಂಚೂರು ತಳ ಹಿಡಿದರೆ ಜಗಲಿಯಿಂದಲೇ ಅವ್ವನಿಗೆ ಮಂಗಳಾರತಿ.

ಕೊರೊನಾ ಬಂದ ಮೊದಲ ಮಳೆಗಾಲ. ಶಾಲೆ ಮುಚ್ಚಿದ್ದರಿಂದ ಟೀಚರಾಗಿದ್ದ ನಾನು ಊರಲ್ಲೇ ಇದ್ದೆ. ಒಂದು ಮಧ್ಯಾಹ್ನ ಸಾರು ನಿಜಕ್ಕೂ ಸೀದಿತ್ತು. ಅಪ್ಪ ತುಟಿ ಪಿಟಕ್ಕೆನ್ನದೆ ಮುದ್ದೆ ನುಂಗಿ ಕೈ ತೊಳೆದ. ಅವ್ವ ನನ್ನ ಮುಖ ನೋಡಿದಳು. ನಾನು ಇಂಗಿನ ಡಬ್ಬಿ ತಂದು ಅವನ ಮೂಗಿನಡಿ ಹಿಡಿದೆ.

"ಏನಪ್ಪಾ ಇದು?"

"ಡಬ್ಬಿ," ಅಂದ.

ಆಶಾ ಕಾರ್ಯಕರ್ತೆ ಟೆಸ್ಟ್ ಮಾಡಿಸಿದರು. ಪಾಸಿಟಿವ್. ಜ್ವರ, ಉಬ್ಬಸ ಇಲ್ಲ, ಬೇರೆಯಾಗಿ ಇದ್ದರೆ ಸಾಕು ಅಂದರು. ವಾಸನೆ ತಿರುಗಿ ಬರುವಾಗ ಕೆಲವರಿಗೆ ಇಲ್ಲದ ವಾಸನೆಯೂ ಬರುತ್ತದಂತೆ ಎಂದೂ ಹೇಳಿದರು. ಅಪ್ಪ ಬ್ಯಾರನ್ ಪಕ್ಕದ ಚಪ್ಪರಕ್ಕೆ ಚಾಪೆ ಹೊತ್ತ. ಹಿಂದಿನ ದಿನವಷ್ಟೇ ಬ್ಯಾರನ್ನಿಗೆ ಹಸಿ ಎಲೆ ತುಂಬಿದ್ದೆವು. ನಮ್ಮದರಲ್ಲಿ ಥರ್ಮಾಮೀಟರೂ ಇಲ್ಲ; ಹದ ತಪ್ಪಿದರೆ ಅಷ್ಟೂ ಕಪ್ಪಾಗಿ ತಿಪ್ಪೆಗೆ. ಅಪ್ಪ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ.

"ಎಲ್ಲದ್ರಲ್ಲೂ ಮೂಗು ತೂರುಸ್ತಿದ್ಯಲ್ಲ, ಈಗ ಕಿಂಡೀಗ್ ತೂರ್ಸೋಗು," ಎಂದು ಅವ್ವ ನನ್ನನ್ನು ಅಟ್ಟಿದಳು.

ನಾನು ಕಿಂಡಿಯ ಬಳಿ, ಅಪ್ಪ ಹತ್ತು ಮಾರು ದೂರ. "ಏನ್ ವಾಸ್ನೆ, ಯೋಳವ್ವ." ಮೂಸಿದೆ. ಹೇಳಲು ಮಾತೇ ಸಿಗಲಿಲ್ಲ. ಘಾಟು, ಕಮಟು, ಮುಗ್ಗುಲು ಎಂದು ಕೆಟ್ಟದ್ದಕ್ಕೆ ಎಷ್ಟೊಂದು ಹೆಸರು! ಒಳ್ಳೆಯದಕ್ಕೆ ಘಮ ಅಂದರೆ ಮುಗಿಯಿತು. ಇದೇಕೆ ಹೀಗೆ ಎಂದು ನಾನು ಈಗಲೂ ಯೋಚಿಸುತ್ತಿರುತ್ತೇನೆ.

"ಕುಯ್ದ ಹುಲ್ಲಿಂದು," ಅಂದೆ.

"ಇನ್ನೂ ಹಸಿ. ಬೆಂಕಿ ಅಂಗೇ ಇರ್ಲಿ."

ಮಾರನೆಯ ದಿನ "ಬಾಳೆಹಣ್ಣಿಂದು" ಅಂದರೆ, "ಯಾವ್ ಬಾಳೆ? ಪಚ್ಚಬಾಳೆಯೋ, ಪುಟ್ಟಬಾಳೆಯೋ?" ಅಯ್ಯೋ ರಾಮ! ಮೂರನೆಯ ದಿನ "ಒದ್ದೆ ಗೋಣಿಚೀಲ" ಅಂದದ್ದೇ ತಡ, ಚಪ್ಪರದಿಂದ ಕೂಗಿದ: "ಎಲೆ ಬೆವೀತಾ ಅದೆ ಕಣವ್ವ, ಮ್ಯಾಲಿನ್ ಕಿಂಡಿ ತಗಿ!" ಓಡಿ ತೆಗೆದೆ.

ವಾರಕ್ಕೆ ಎಲೆ ಹೊಂಬಣ್ಣವಾಗಿ ಇಳಿಯಿತು. ಅಪ್ಪ ಒಂದೆಲೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತ. "ಏನೂ ಇಲ್ಲ ಕಣವ್ವ," ಅಂದ. ನನಗೆ ಅಳು ಬಂತು.

ಆಮೇಲೆ ಅವ್ವ ದಿನಾ ಒಗ್ಗರಣೆಯ ಬೆಳ್ಳುಳ್ಳಿಯನ್ನು ಬೇಕಂತಲೇ ಸೀಯಿಸತೊಡಗಿದಳು. ಅಪ್ಪ ದಿನಾ ಸುಮ್ಮನೆ ಉಂಡು ಏಳುತ್ತಿದ್ದ. ಗಂಡ ಬೈಯಲಿ ಎಂದು ಕಾಯುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೀಪಾವಳಿ ಹಬ್ಬದ ದಿನ ಒಂದು ತುತ್ತು ಬಾಯಿಗಿಟ್ಟವನೇ ತಟ್ಟೆ ಕುಕ್ಕಿದ: "ಸೀದೋಗದೆ ಕಣೇ ಸಾರು! ಗ್ಯಾನ ಎಲ್ಲಿಟ್ಟಿದ್ದೆ?"

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ನಾನು ಕುಣಿದಾಡಿ, ಸೌಟಿನಿಂದ ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡೆ. ಸೀದಿರಲಿಲ್ಲ. ಹಬ್ಬವೆಂದು ಆವತ್ತೊಂದು ದಿನ ಅವ್ವ ಬೆಳ್ಳುಳ್ಳಿಯನ್ನು ಹದವಾಗಿಯೇ ಹುರಿದಿದ್ದಳು. ಹೇಳಬೇಕೆಂದು ಬಾಯಿ ತೆಗೆದೆ.

ಅವ್ವ ನನ್ನ ಕೈ ಹಿಡಿದು ಅದುಮಿದಳು. "ಸುಮ್ಕಿರು. ಬೈಲಿ ಬುಡು."